ಕಸಿಯಾದ ಯಕೃತ್ತಿನ ಮೊದಲ ವಾರ

ನಮ್ಮ ದೇಹದಲ್ಲಿ ಯಕೃತ್ತಿನಷ್ಟು ಬಗೆಬಗೆಯ ಕೆಲಸ ಮಾಡುವ ಅಂಗ ಇನ್ನೊಂದಿಲ್ಲ. ಉಂಡ ಅನ್ನದ ಸಾರವನ್ನು ಕೂಡಿಡುವುದು, ಪಿತ್ತರಸವನ್ನು ತಯಾರಿಸುವುದು, ವಿಷವನ್ನು ಕಳೆಯುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ಒದಗಿಸುವುದು, ಇವೆಲ್ಲವೂ ಅದರ ಪಾಲಿನವು. ಮೂತ್ರಪಿಂಡ ಕೆಟ್ಟವರಿಗೆ ಡಯಾಲಿಸಿಸ್ ಯಂತ್ರ ವರ್ಷಗಟ್ಟಲೆ ಆಸರೆಯಾಗಬಲ್ಲದು. ಯಕೃತ್ತು ಪೂರ್ಣವಾಗಿ ಸೋತವರಿಗೆ ಅಂಥ ಯಂತ್ರವಿಲ್ಲ. ಆಗ ಉಳಿಯುವ ದಾರಿ ಕಸಿಯೊಂದೇ.

ಈ ಚಿಕಿತ್ಸೆಯನ್ನು ಮೊದಲು ಪ್ರಯತ್ನಿಸಿದವರು ಅಮೆರಿಕದ ವೈದ್ಯ ಥಾಮಸ್ ಸ್ಟಾರ್ಜ್ಲ್, 1963ರಲ್ಲಿ. ರೋಗಿ ಒಂದು ವರ್ಷಕ್ಕೂ ಮೀರಿ ಬದುಕಿದ್ದು 1967ರ ಪ್ರಯತ್ನದಲ್ಲಿ. ನಮ್ಮ ದೇಶದಲ್ಲಿ 1994ರಲ್ಲಿ ಅಂಗಾಂಗ ಕಸಿಯ ಕಾಯಿದೆ ಬಂದಿತು. 1998ರಲ್ಲಿ ದೆಹಲಿಯಲ್ಲಿ ಯಕೃತ್ತಿನ ಕಸಿ ಯಶಸ್ವಿಯಾಯಿತು. ಈಗ ಬೆಂಗಳೂರಿನಲ್ಲಿಯೂ ಈ ಚಿಕಿತ್ಸೆ ದೊರೆಯುತ್ತದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದವರಿಗೆ ಅದು ಒಂದು ರಾತ್ರಿಯ ಪ್ರಯಾಣ. ಹೊಲ ಅಡವಿಟ್ಟು ಅಷ್ಟು ದೂರ ಹೋದವರು ಕೇಳುವ ಮೊದಲ ಪ್ರಶ್ನೆ, “ಉಳೀತಾರೇನ್ರೀ, ಡಾಕ್ಟ್ರೇ?” ಎಂಬುದು. ಅದಕ್ಕೆ ವಿಜ್ಞಾನ ಹೇಗೆ ಉತ್ತರ ಕೊಡುತ್ತದೆಂಬುದನ್ನು ಇಲ್ಲಿ ವಿವೇಚಿಸೋಣ.

ಅಗೆ ಕಿತ್ತು ಗದ್ದೆಯಲ್ಲಿ ನಟ್ಟ ಭತ್ತದ ಸಸಿ ಮೊದಲ ಕೆಲವು ದಿನ ಬಾಡಿ ನಿಲ್ಲುತ್ತದೆ. ಬೇರು ಹಿಡಿಯಿತೇ ಇಲ್ಲವೇ ಎಂಬುದನ್ನು ರೈತನು ಎಲೆಯ ಬಣ್ಣದಿಂದ ತಿಳಿಯುತ್ತಾನೆ. ಹೊಸ ಯಕೃತ್ತನ್ನು ವೈದ್ಯರು ರಕ್ತಪರೀಕ್ಷೆಯಿಂದ ತಿಳಿಯುತ್ತಾರೆ. ಯಕೃತ್ತಿನ ಜೀವಕೋಶಗಳು ಘಾಸಿಗೊಂಡರೆ ಅವುಗಳೊಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಪಿತ್ತ ಸರಿಯಾಗಿ ಹೊರಹೋಗದಿದ್ದರೆ ಬಿಲಿರುಬಿನ್ ಏರುತ್ತದೆ. ನಮ್ಮ ಕಡೆ ಕಾಮಣಿ ಎನ್ನುವ ಹಳದಿ ಬಣ್ಣ ಅದರದೇ. ರಕ್ತ ಹೆಪ್ಪುಗಟ್ಟಲು ತಡವಾದರೆ ಐ.ಎನ್.ಆರ್. ಎಂಬ ಅಂಕೆ ಹೆಚ್ಚುತ್ತದೆ.

2010ರಲ್ಲಿ ಅಮೆರಿಕದ ವೈದ್ಯರು ಇವುಗಳಿಗೆ ಗಡಿ ಹಾಕಿದರು. ಏಳನೆಯ ದಿನ ಬಿಲಿರುಬಿನ್ 10 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು, ಇಲ್ಲವೇ ಐ.ಎನ್.ಆರ್. 1.6 ಅಥವಾ ಅದಕ್ಕೂ ಹೆಚ್ಚು, ಇಲ್ಲವೇ ಮೊದಲ ವಾರದೊಳಗೆ ಕಿಣ್ವ 2000ಕ್ಕೂ ಮೀರಿದ್ದು, ಇವುಗಳಲ್ಲಿ ಒಂದು ಕಂಡರೂ ಹೊಸ ಯಕೃತ್ತು ಆರಂಭದಲ್ಲಿಯೇ ಎಡವುತ್ತಿದೆ ಎಂದರ್ಥ. ಅವರು ಪರಿಶೀಲಿಸಿದ 300 ರೋಗಿಗಳಲ್ಲಿ 69 ಮಂದಿಗೆ ಈ ಲಕ್ಷಣವಿತ್ತು. ಅವರಲ್ಲಿ ಆರು ತಿಂಗಳೊಳಗೆ 13 ಮಂದಿ ತೀರಿಕೊಂಡರು. ಉಳಿದವರಲ್ಲಿ ತೀರಿಕೊಂಡವರು 4 ಮಂದಿ ಮಾತ್ರ.

ಈ ಲೆಕ್ಕವನ್ನು ಎರಡು ಕಡೆಯಿಂದಲೂ ಓದಬೇಕು. ಅಪಾಯ ಸುಮಾರು ಹತ್ತು ಪಟ್ಟು ಹೆಚ್ಚಿತೆಂಬುದು ನಿಜ. ಆದರೆ ಕೆಟ್ಟ ಲಕ್ಷಣ ಕಂಡ 69 ಮಂದಿಯಲ್ಲಿ 56 ಮಂದಿ ಬದುಕಿದ್ದರೆಂಬುದೂ ಅಷ್ಟೇ ನಿಜ. ಅಂಕೆಯು ಒಂದು ಗುಂಪಿನ ಗತಿಯನ್ನು ಹೇಳುತ್ತದೆಯೇ ಹೊರತು ಒಬ್ಬನ ಹಣೆಬರಹವನ್ನಲ್ಲ. ರಕ್ತನಾಳ ಕಟ್ಟಿದೆಯೇ, ಸೋಂಕು ತಗಲಿದೆಯೇ, ದೇಹವು ಹೊಸ ಅಂಗವನ್ನು ತಿರಸ್ಕರಿಸುತ್ತಿದೆಯೇ ಎಂದು ಬೇಗ ಹುಡುಕಲು ಅದು ವೈದ್ಯರನ್ನು ಎಚ್ಚರಿಸುತ್ತದೆ. ಅದರ ನಿಜವಾದ ಪ್ರಯೋಜನ ಇದೇ.

ಇನ್ನು ಕೆಲವು ಸಂಗತಿಗಳು ಶಸ್ತ್ರಕ್ರಿಯೆಗೆ ಮೊದಲೇ ನಿರ್ಧಾರವಾಗಿರುತ್ತವೆ. ದಾನಿಯ ವಯಸ್ಸು, ಆ ಯಕೃತ್ತಿನಲ್ಲಿದ್ದ ಕೊಬ್ಬು, ಅದು ಮಂಜುಗಡ್ಡೆಯಲ್ಲಿ ಕಳೆದ ಗಂಟೆಗಳು ಇವೆಲ್ಲ ಫಲಿತಾಂಶವನ್ನು ಬದಲಿಸುತ್ತವೆ. ರೋಗಿಯು ಎಂಥ ಸ್ಥಿತಿಯಲ್ಲಿ ಬಂದನೆಂಬುದೂ ಮುಖ್ಯ. ಅದನ್ನು ಅಳೆಯುವ ‘ಮೆಲ್ಡ್’ ಅಂಕೆಯನ್ನು ಅಮೆರಿಕದಲ್ಲಿ 2002ರಿಂದ ಸರದಿ ನಿಶ್ಚಯಿಸಲು ಬಳಸತೊಡಗಿದರು. ಕಸಿಯಿಲ್ಲದೆ ಮೂರು ತಿಂಗಳಲ್ಲಿ ಸಾಯುವ ಸಂಭವವನ್ನು ಅದು ಚೆನ್ನಾಗಿ ಹೇಳುತ್ತದೆ. ಕಸಿಯ ನಂತರದ ಬದುಕನ್ನು ಅಷ್ಟು ಚೆನ್ನಾಗಿ ಹೇಳಲಾರದು.

ನಮ್ಮ ಊರುಗಳಿಗೆ ಇದರಿಂದ ಒಂದು ಪಾಠವಿದೆ. ಕಾಮಣಿಗೆ ಸೊಪ್ಪಿನ ರಸ ಕುಡಿದು ತಿಂಗಳುಗಟ್ಟಲೆ ಕಾಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಹೊಟ್ಟೆಯಲ್ಲಿ ನೀರು ತುಂಬಿ, ಮೂತ್ರಪಿಂಡವೂ ಸೋತ ಮೇಲೆ ಹೊರಟವರಿಗೆ ಮೊದಲ ವಾರ ಕಠಿಣವಾಗುತ್ತದೆ. ಕಾಮಣಿ ಕಂಡಾಗಲೇ ರಕ್ತಪರೀಕ್ಷೆ ಮಾಡಿಸಿಕೊಂಡರೆ ಅನೇಕರಿಗೆ ಕಸಿಯೇ ಬೇಕಾಗುವುದಿಲ್ಲ. ಬೇಕಾದವರೂ ಗಟ್ಟಿಮುಟ್ಟಾಗಿರುವಾಗಲೇ ಬೆಂಗಳೂರು ಮುಟ್ಟುತ್ತಾರೆ.