ಮೋಡ ಮೇಲೆ, ಮಾಪಕ ಕೆಳಗೆ

ಮಳೆ ಬಂತು. ಎಷ್ಟು ಬಂತು?

"ಉಳೋ ಹದ ಆಯ್ತು" ಅಂತೀವಿ. "ಕೆರೆ ಕೋಡಿ ಬಿತ್ತು" ಅಂತೀವಿ. ಅದೂ ಒಂದು ಲೆಕ್ಕವೇ. ಆದರೆ ಬರ ಪರಿಹಾರಕ್ಕೆ, ಬೆಳೆ ವಿಮೆಗೆ, ಅಣೆಕಟ್ಟೆಯ ನೀರಿನ ಲೆಕ್ಕಕ್ಕೆ ಅಂಕಿ ಬೇಕು.

ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗಕ್ಕೆ ಒಂದು ಲೀಟರ್ ನೀರು ಬಿದ್ದರೆ ಅದು 1 ಮಿಲಿಮೀಟರ್ ಮಳೆ. ಅಳೆಯುವ ಸಾಧನದ ಹೆಸರು ಮಳೆ ಮಾಪಕ.

ಎಲ್ಲ ಕಡೆ ಮಾಪಕ ಇಡೋಕೆ ಆಗುತ್ತದೆಯೇ? ಇಲ್ಲ. ದಟ್ಟ ಕಾಡಿನಲ್ಲಿ, ಬೆಟ್ಟದ ನೆತ್ತಿಯಲ್ಲಿ ಅದು ಕಷ್ಟ. ಅಲ್ಲಿ ಉಪಗ್ರಹ ನೆರವಿಗೆ ಬರುತ್ತದೆ. ನಮ್ಮ ದೇಶದ ಇನ್ಸಾಟ್-3ಡಿಎಸ್ ಉಪಗ್ರಹ 2024ರ ಫೆಬ್ರವರಿಯಲ್ಲಿ ಹಾರಿತು. ಅದು ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಮೋಡಗಳನ್ನು ನೋಡುತ್ತದೆ. ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ನಮ್ಮ ಪಕ್ಕದ ಹಾಸನದಲ್ಲೇ ಇದೆ.

ಉಪಗ್ರಹ ಮಳೆಯನ್ನು ಹಿಡಿದು ಅಳೆಯುವುದಿಲ್ಲ. ಮೋಡದ ತುದಿ ಎಷ್ಟು ತಣ್ಣಗಿದೆ ಎಂದು ನೋಡುತ್ತದೆ. ತುಂಬ ತಣ್ಣಗಿದ್ದರೆ ಮೋಡ ಎತ್ತರಕ್ಕೆ ಬೆಳೆದಿದೆ, ಮಳೆ ಜಾಸ್ತಿ ಎಂದು ಅಂದಾಜು. ಪಕ್ಕದ ಮನೆ ಹೊಗೆ ನೋಡಿ ಒಲೆ ಉರೀತಿದೆ ಅನ್ನಬಹುದು. ಎಷ್ಟು ಮುದ್ದೆ ಬೆಂದಿದೆ ಅನ್ನೋದು ಹೊಗೆಯಿಂದ ತಿಳಿಯುತ್ತದೆಯೇ? ಇದೂ ಹಾಗೆಯೇ.

ಆದ್ದರಿಂದ ಅಂದಾಜು ತಪ್ಪುತ್ತದೆ. ಎತ್ತರದ ತೆಳು ಮೋಡ ತಣ್ಣಗಿದ್ದರೂ ಮಳೆ ಸುರಿಸದು. ಕೊಡಗಿನ ಬೆಟ್ಟಗಳಲ್ಲಿ ಮೋಡ ತಗ್ಗಿನಲ್ಲೇ ಇದ್ದು ಜೋರು ಮಳೆ ಸುರಿಸಬಹುದು. ಆಗ ಉಪಗ್ರಹ ಕಡಿಮೆ ಹೇಳುತ್ತದೆ. ಕೊಡಗಿನ ಮಳೆಯೇ ಕಾವೇರಿಯಾಗಿ ಇಲವಾಲದ ಹತ್ತಿರದ ಕನ್ನಂಬಾಡಿ ಕಟ್ಟೆಗೆ ಬರುತ್ತದೆ. ಅಲ್ಲಿನ ಲೆಕ್ಕ ತಪ್ಪಿದರೆ ಇಲ್ಲಿನ ಲೆಕ್ಕವೂ ತಪ್ಪುತ್ತದೆ.

ತಿದ್ದುವುದು ಹೇಗೆ? ಒಂದು ಜಾಗಕ್ಕೆ ಉಪಗ್ರಹ 20 ಮಿಲಿಮೀಟರ್ ಅಂದಿತು ಅನ್ನಿ. ಅಲ್ಲಿನ ಮಾಪಕದಲ್ಲಿ 30 ಇದೆ. ತುಂಬ ದಿನ ಹೀಗೇ ಆದರೆ, ಅಲ್ಲಿ ಉಪಗ್ರಹ ಕಡಿಮೆ ಹೇಳುತ್ತದೆ ಎಂದು ಗೊತ್ತಾಗುತ್ತದೆ. ಆಗ ಸುತ್ತಲಿನ, ಮಾಪಕ ಇಲ್ಲದ ಜಾಗಗಳ ಅಂದಾಜನ್ನೂ ಏರಿಸುತ್ತಾರೆ. ಆದರೆ ಬಯಲಿನ ಇಲವಾಲದ ಅಳತೆಯಿಂದ ಕೊಡಗಿನ ಬೆಟ್ಟದ ಅಂದಾಜು ತಿದ್ದಲಾಗದು. ಆಯಾ ಸೀಮೆಗೆ ಆಯಾ ಮಾಪಕವೇ ಬೇಕು.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಾಪಕಗಳಿವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇವನ್ನು ಇಟ್ಟಿದೆ. ಇವು ಬಿಸಿಲಿನ ಶಕ್ತಿಯಿಂದ ನಡೆಯುತ್ತವೆ. 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ.

ಅಕ್ಕ ತಂಗಿಯರೇ, ನಿಮ್ಮೂರ ಮಾಪಕ ಎಲ್ಲಿದೆ? ಅದರ ಬೇಲಿಗೆ ಬಟ್ಟೆ ಹರವಬೇಡಿ, ದನ ಕಟ್ಟಬೇಡಿ. ಮರದ ಕೊಂಬೆ ಅಡ್ಡ ಬಂದಿದ್ದರೆ, ಎಲೆ ಕಸ ತುಂಬಿದ್ದರೆ ಪಂಚಾಯಿತಿಗೆ ತಿಳಿಸಿ.

ಮನೆಯಲ್ಲೂ ಅಳೆಯಬಹುದು. ತಳದಿಂದ ಬಾಯಿವರೆಗೆ ಒಂದೇ ಅಗಲ ಇರುವ ಡಬ್ಬ ತೆಗೆದುಕೊಳ್ಳಿ. ತಳ ಚಪ್ಪಟೆಯಾಗಿರಲಿ. ಬಯಲಿನಲ್ಲಿ ನೆಟ್ಟಗೆ ಇಡಿ. ದಿನಾ ಬೆಳಿಗ್ಗೆ 8.30ಕ್ಕೆ ಮಕ್ಕಳ ಸ್ಕೇಲಿನಿಂದ ನೀರಿನ ಎತ್ತರ ಅಳೆಯಿರಿ. ತಾರೀಕು ಹಾಕಿ ಬರೆದಿಡಿ. ನೀರು ಚೆಲ್ಲಿ ಡಬ್ಬವನ್ನು ಮತ್ತೆ ಇಡಿ.

ನಿಮ್ಮ ಲೆಕ್ಕಕ್ಕೂ ಸರ್ಕಾರದ ಲೆಕ್ಕಕ್ಕೂ ತುಂಬ ವ್ಯತ್ಯಾಸ ಕಂಡರೆ ಪಂಚಾಯಿತಿಯಲ್ಲಿ ಕೇಳಿ. ಬಾಯಿಮಾತಿಗಿಂತ ಬರೆದಿಟ್ಟ ಅಂಕಿಗೆ ಬಲ ಹೆಚ್ಚು.