ನಿಂತ ಕಾರಿನ ನಡುಕ

ಸಿಗ್ನಲ್‌ನಲ್ಲಿ ನಿಂತ ಹಳೆಯ ಮಾರುತಿ 800ರಲ್ಲಿ ಕೂತವರಿಗೆ ಇದು ಗೊತ್ತು: ಸ್ಟೀರಿಂಗ್ ಗಡಗಡ ಅನ್ನುತ್ತದೆ, ಹಿಂದಿನ ಬಸ್ಸು ಕನ್ನಡಿಯಲ್ಲಿ ಎರಡಾಗಿ ಕಾಣುತ್ತದೆ, ಆಕ್ಸಿಲರೇಟರ್ ಒಂದಿಷ್ಟು ಒತ್ತಿದರೆ ಎಲ್ಲ ಶಾಂತ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ. ಅವುಗಳ ನಡುಕದ ಮೂಲ ಹುಡುಕುವ ಕಸುಬೂ ಹಾಗೇ ಉಳಿದುಕೊಂಡಿದೆ. ಕಾರ್ಬುರೇಟರ್ ಕಾಲದ ಗಾಡಿಗೆ ಸ್ಕ್ಯಾನರ್ ಚುಚ್ಚಲು ಜಾಗವೇ ಇಲ್ಲ. ಕೈ, ಕಿವಿ, ಮೂಗುಗಳೇ ಉಪಕರಣ.

ಬಲ್ಲ ಮೆಕ್ಯಾನಿಕ್ ಮೊದಲು ತೂಗಿ ನೋಡುವುದು, ಇದರಲ್ಲಿ ಹುಟ್ಟುಗುಣ ಎಷ್ಟು, ಕಾಯಿಲೆ ಎಷ್ಟು ಅಂತ. ಈ 796 ಸಿಸಿ ಎಂಜಿನ್‌ಗೆ ಇರುವುದು ಮೂರೇ ಸಿಲಿಂಡರ್. ನಿಮಿಷಕ್ಕೆ 800 ಸುತ್ತು ತಿರುಗುವಾಗ ಸೆಕೆಂಡಿಗೆ 20 ಸಲ ಉರಿಯುತ್ತದೆ. ಅದೇ ವೇಗದಲ್ಲಿ ನಾಲ್ಕು ಸಿಲಿಂಡರ್‌ನ ಅಂಬಾಸಿಡರ್‌ನಲ್ಲಿ 26ಕ್ಕೂ ಹೆಚ್ಚು. ಸಾಲದ್ದಕ್ಕೆ ಮೂರು ಪಿಸ್ಟನ್‌ಗಳ ಏರಿಳಿತ ಎಂಜಿನ್‌ನ ಎರಡು ತುದಿಗಳನ್ನೂ ಮೇಲೆ ಕೆಳಗೆ ತೂಗಿಸುತ್ತದೆ. ಹೊಸದಿದ್ದಾಗಲೂ ಸ್ವಲ್ಪ ನಡುಗುತ್ತಿದ್ದ ಗಾಡಿ ಇದು. ಆದರೆ ಒಂದು ಸಿಲಿಂಡರ್ ಉರಿಯದೆ ಹೋದರೆ ಕುಂಟನ ಹೆಜ್ಜೆಯಂತೆ ಎರಡು ಏಟು, ಒಂದು ಬಿಡುವು. ಸೆಕೆಂಡಿಗೆ ಆರೇಳು ಸಲ ಇಡೀ ಬಾಡಿಗೆ ಒದೆತ. ಆಗ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ, 'ಮಿಸ್ ಹೊಡೀತಿದೆ ಸಾರ್' ಅನ್ನುತ್ತಾನೆ.

ಯಾವ ಸಿಲಿಂಡರ್ ಎಂದು ತಿಳಿಯುವ ಉಪಾಯ ಸರಳ. ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರನ್ನು ಒಂದೊಂದಾಗಿ ಕಳಚುವುದು. ಕಳಚಿದೊಡನೆ ಎಂಜಿನ್ ಕುಸಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ಬದಲಾಗದಿದ್ದರೆ ಅದೇ ಕೆಲಸಗಳ್ಳ. ಸಾವಿರಾರು ವೋಲ್ಟ್ ಹರಿಯುವ ವೈರು ಅದು, ಮನೆಯಲ್ಲಿ ಪ್ರಯೋಗ ಬೇಡ. ಇಂಜೆಕ್ಷನ್ ಕಾರುಗಳಲ್ಲಿ ಕಾಯಿಲ್ಲೂ ಸುಟ್ಟೀತು.

ಮುಂದಿನ ಸಾಕ್ಷಿ ಬಿಚ್ಚಿದ ಪ್ಲಗ್ಗು. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಕ್ಷೇಮ. ಒಣ ಕಪ್ಪು ಮಸಿಯಾದರೆ ಪೆಟ್ರೋಲ್ ಅತಿಯಾಗಿದೆ. ಎಣ್ಣೆಯಿಂದ ತೊಯ್ದಿದ್ದರೆ ಆಯಿಲ್ ಒಳಗೆ ನುಗ್ಗುತ್ತಿದೆ ಎಂದರ್ಥ. ಮಾಲೀಕರ ಮುಖ ಬಾಡುವುದು ಇಲ್ಲೇ. ಆಗ ಕಂಪ್ರೆಷನ್ ಗೇಜ್ ಹೊರಬರುತ್ತದೆ. ಒತ್ತಡ ಕಡಿಮೆ ಬಂದರೆ ಪ್ಲಗ್ ತೂತಿಗೆ ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಮೇಲೆ ಅನುಮಾನ. ಒಂದು ಚಮಚ ಎಣ್ಣೆ ಇಷ್ಟು ದೊಡ್ಡ ಪ್ರಶ್ನೆಯನ್ನು ಬಿಡಿಸುವುದು ನನಗೆ ಈ ಕಸುಬಿನ ಅತಿ ಚಂದದ ಭಾಗ.

ಎಲ್ಲ ಸಿಲಿಂಡರ್‌ಗಳೂ ಸರಿಯಿದ್ದು ನಡುಕ ಉಳಿದರೆ ಕಳ್ಳಗಾಳಿಯ ಸರದಿ. ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪು ಲೆಕ್ಕವಿಲ್ಲದ ಗಾಳಿಯನ್ನು ಒಳಗೆಳೆಯುತ್ತದೆ. ಅನುಮಾನದ ಪೈಪನ್ನು ಒಂದು ಕ್ಷಣ ಹಿಸುಕಿದಾಗ ಎಂಜಿನ್ ಸದ್ದು ಬದಲಾದರೆ ಅಲ್ಲೇ ತೂತು.

ಇನ್ನು ಎಂಜಿನ್ ಹೊತ್ತ ಮೌಂಟಿಂಗ್ ರಬ್ಬರ್. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಹಾಕಿ, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟಾಗ ಎಂಜಿನ್ ಒಂದು ಕಡೆಗೆ ಜಾಸ್ತಿ ವಾಲಿದರೆ ರಬ್ಬರ್ ಸತ್ತಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ ಅಗ್ಗದ ಮಾಲೂ ಸಿಗುತ್ತದೆ, ಆದರೆ ಗಟ್ಟಿ ರಬ್ಬರ್ ಹಾಕಿಸಿದರೆ ಹೊಸದರಲ್ಲೇ ಹಳೆಯದಕ್ಕಿಂತ ಹೆಚ್ಚು ನಡುಗಬಹುದು.

ಕಾರ್ಬುರೇಟರ್ ಸ್ಕ್ರೂ ಮುಟ್ಟುವುದು ಕೊನೆಗೆ. ಅವಸರದವರು ಅಲ್ಲಿಂದಲೇ ಶುರುಮಾಡಿ ಐಡ್ಲಿಂಗ್ ಏರಿಸಿಬಿಡುತ್ತಾರೆ. ನಡುಕ ಮರೆಯಾಗುತ್ತದೆ, ರೋಗ ಹೋಗುವುದಿಲ್ಲ, ಪೆಟ್ರೋಲ್ ಖರ್ಚು ಏರುತ್ತದೆ. ನಿಜವಾಗಿ ಹುಡುಕುವವರು ಕಾರನ್ನು ರಾತ್ರಿ ಗ್ಯಾರೇಜಿನಲ್ಲೇ ಬಿಟ್ಟು ಹೋಗಿ ಅನ್ನುತ್ತಾರೆ. ತಣ್ಣಗಿರುವ ಎಂಜಿನ್‌ನ ಮೊದಲ ಸ್ಟಾರ್ಟ್ ಅವರ ಕಿವಿಗೇ ಬೀಳಬೇಕು.