ಬಿಗಿಯುವ ಕೈಗೆ ಹದ ಗೊತ್ತಿರಬೇಕು

ದೊಡ್ಡ ಆಸ್ಪತ್ರೆಯೊಂದರ ಬಾಗಿಲು ದಾಟಿ ಒಳಗೆ ಹೋದರೆ ಮೊದಲು ಎದುರಾಗುವುದು ಸ್ವಾಗತದ ಕೌಂಟರ್. ಬೆಳ್ಳಗೆ, ನುಣ್ಣಗೆ, ಈ ತುದಿಯಿಂದ ಆ ತುದಿಯವರೆಗೆ ಒಂಬತ್ತು ಮೀಟರ್ ಉದ್ದ. ಕೈಯಾಡಿಸಿದರೆ ಎಲ್ಲಿಯೂ ಒಂದು ಗೆರೆ ಸಿಗುವುದಿಲ್ಲ. ಒಂದೇ ಬಂಡೆಯಿಂದ ಕಡೆದು ತೆಗೆದಂತೆ ಕಾಣುತ್ತದೆ. ಇದು ಕಲ್ಲೇ? ಅಲ್ಲ. ಹೋಗಲಿ, ಒಂದೇ ತುಂಡೇ? ಅದೂ ಅಲ್ಲ. ಕಡಿಮೆಯೆಂದರೂ ಮೂರು ಹಲಗೆಗಳನ್ನು ಬೆಸೆದು ಮಾಡಿದ್ದು. ಬೆಸೆದ ಜಾಗ ಯಾವುದೆಂದು ನೋಡುವವರಿಗೆ ತಿಳಿಯದಂತೆ ಮಾಡುವುದರಲ್ಲೇ ಈ ಕಸುಬಿನ ಹೆಚ್ಚುಗಾರಿಕೆ ಇದೆ.

ಆಸ್ಪತ್ರೆ, ಹೋಟೆಲು, ವಿಮಾನ ನಿಲ್ದಾಣ, ಪ್ರಯೋಗಾಲಯಗಳಲ್ಲಿ ಇಂಥ ಕೌಂಟರುಗಳಿಗೆ ಬಳಸುವ ವಸ್ತುವಿಗೆ 'ಸಾಲಿಡ್ ಸರ್ಫೇಸ್' ಎಂದು ಹೆಸರು. ನಮ್ಮ ಮನೆಗಳ ಅಡುಗೆಕಟ್ಟೆಗೆ ಕಡಪ ಕಲ್ಲು, ಗ್ರಾನೈಟ್ ಹಾಸುವುದು ರೂಢಿ. ಆದರೆ ಎರಡು ಕಲ್ಲುಗಳ ನಡುವಿನ ಸಂದಿಯಲ್ಲಿ ಕೊಳೆ ಕೂರುತ್ತದೆ. ಎಷ್ಟು ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ. ಸ್ವಚ್ಛತೆಯೇ ಮುಖ್ಯವಾದ ಕಡೆ ಸಂದಿಯೇ ಇಲ್ಲದ ಕಟ್ಟೆ ಬೇಕು. ಅಲ್ಲಿ ಈ ವಸ್ತುವಿಗೆ ಬೇಡಿಕೆ.

ಕಲ್ಲಿನ ಪುಡಿ, ಅಕ್ರಿಲಿಕ್‌ನ ನಂಟು

ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಡೊನಾಲ್ಡ್ ಸ್ಲೋಕಮ್ 1967ರಲ್ಲಿ ಇದನ್ನು ರೂಪಿಸಿದರು. 'ಕೋರಿಯನ್' ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಈಗ ಬೇರೆ ಬೇರೆ ಕಂಪನಿಗಳು ಇಂಥದೇ ಹಲಗೆಗಳನ್ನು ತಯಾರಿಸುತ್ತವೆ. ಇದರಲ್ಲಿ ಸುಮಾರು ಮೂರನೇ ಎರಡು ಭಾಗ ಬಾಕ್ಸೈಟ್ ಅದಿರಿನಿಂದ ಪಡೆದ ಅಲ್ಯುಮಿನಾ ಟ್ರೈಹೈಡ್ರೇಟ್ ಎಂಬ ಬಿಳಿ ಪುಡಿ. ಉಳಿದ ಒಂದು ಭಾಗ ಅಕ್ರಿಲಿಕ್. ಪಿಯುಸಿ ರಸಾಯನಶಾಸ್ತ್ರದಲ್ಲಿ ಪಾಲಿಮರ್ ಪಾಠ ಓದಿದವರಿಗೆ ಇದು ಅಪರಿಚಿತವಲ್ಲ. ಪುಡಿಯ ಕಣಗಳನ್ನು ಅಕ್ರಿಲಿಕ್ ಸರಪಳಿಗಳು ಹಿಡಿದಿಟ್ಟುಕೊಂಡಿರುತ್ತವೆ.

ಮೈಕಾ ಹಾಳೆಯಂತೆ ಮೇಲ್ಪದರಕ್ಕಷ್ಟೇ ಬಣ್ಣವಲ್ಲ, ಮೇಲಿಂದ ಕೆಳಗಿನವರೆಗೂ ಒಂದೇ ವಸ್ತು. ಆದ್ದರಿಂದ ಗೀರು ಬಿದ್ದರೆ ಉಪ್ಪು ಕಾಗದದಿಂದ ಉಜ್ಜಿ ಮತ್ತೆ ಹೊಸದು ಮಾಡಬಹುದು. ಕುದಿಯುವ ಪಾತ್ರೆಯನ್ನು ನೇರವಾಗಿ ಇಟ್ಟರೆ ಮಾತ್ರ ಕೆಡುತ್ತದೆ.

ಸಾಮಾನ್ಯ ಹಲಗೆ 12 ಮಿಲಿಮೀಟರ್ ದಪ್ಪ, 760 ಮಿಲಿಮೀಟರ್ ಅಗಲ, ಸುಮಾರು 3.66 ಮೀಟರ್ ಉದ್ದ. ತೂಕ ಹೆಚ್ಚುಕಡಿಮೆ 56 ಕಿಲೋ. ಮೂರು ಹಲಗೆಗಳನ್ನು ಕಾರ್ಖಾನೆಯಲ್ಲೇ ಬೆಸೆದರೆ ಆ ಉದ್ದ ಯಾವ ಲಿಫ್ಟಿನಲ್ಲೂ ಹಿಡಿಸದು, ಮೆಟ್ಟಿಲ ತಿರುವಿನಲ್ಲಿ ತಿರುಗದು. ಹೀಗಾಗಿ ದೊಡ್ಡ ಕೆಲಸ ಶುರುವಾಗುವುದು ಗರಗಸದಿಂದಲ್ಲ, ಅಳತೆ ಟೇಪಿನಿಂದ. ಬಾಗಿಲೆಷ್ಟು ಅಗಲ? ಲಿಫ್ಟ್ ಎಷ್ಟು ಉದ್ದ? ಯಾವ ಬೆಸುಗೆ ಕಾರ್ಖಾನೆಯಲ್ಲಿ, ಯಾವುದು ಸ್ಥಳದಲ್ಲಿ? ಈ ಲೆಕ್ಕ ತಪ್ಪಿದರೆ ಹಲಗೆ ಬಾಗಿಲಲ್ಲೇ ನಿಲ್ಲುತ್ತದೆ.

ಒಂದು ಗಂಟೆಯ ಪರೀಕ್ಷೆ

ಬೆಸುಗೆಗೆ ಮೊದಲು ಎರಡು ಹಲಗೆಗಳನ್ನು ಸ್ವಲ್ಪ ಅಂತರದಲ್ಲಿ ಇಟ್ಟು, ರೂಟರ್ ಎಂಬ ವಿದ್ಯುತ್ ಯಂತ್ರದಿಂದ ಎರಡರ ಅಂಚನ್ನೂ ಒಂದೇ ಓಟದಲ್ಲಿ ಸವರುತ್ತಾರೆ. ಯಂತ್ರ ತುಸು ಅಲುಗಿದರೂ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸರಿಯಾಗಿ ಕೂರುತ್ತದೆ. ನಂತರ ಬಿಳಿ ಬಟ್ಟೆಯಲ್ಲಿ ಸ್ಪಿರಿಟ್ ಹಚ್ಚಿ ಅಂಚುಗಳನ್ನು ಒರೆಸುತ್ತಾರೆ. ಪೆನ್ಸಿಲ್ ಗುರುತು, ಬೆರಳಿನ ಜಿಡ್ಡು ಉಳಿದರೂ ಬೆಸುಗೆಯಲ್ಲಿ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ.

ಇಲ್ಲಿ ಬಳಸುವ ಅಂಟು ಫೆವಿಕಾಲ್‌ನಂಥದಲ್ಲ. ಅದು ಹಲಗೆಯಲ್ಲಿರುವ ಅಕ್ರಿಲಿಕ್‌ನದೇ ಕುಲದ್ದು, ಹಲಗೆಯದೇ ಬಣ್ಣದ್ದು. ಹತ್ತು ಪಾಲು ಅಂಟಿಗೆ ಒಂದು ಪಾಲು ಗಟ್ಟಿಕಾರಕ ಸೇರಿದೊಡನೆ ಒಳಗೆ ರಾಸಾಯನಿಕ ಕ್ರಿಯೆ ಆರಂಭ. ಸಣ್ಣ ಅಣುಗಳು ಕೈಕೈ ಹಿಡಿದು ಉದ್ದ ಸರಪಳಿಗಳಾಗುತ್ತವೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಅಂಟು ಹಲಗೆಯ ಭಾಗವೇ ಆಗಿಬಿಡುತ್ತದೆ. ಸೆಕೆ ಇದ್ದರೆ ಬೇಗ, ಚಳಿ ಇದ್ದರೆ ತಡ.

ಹಲಗೆಗಳ ನಡುವೆ ಎರಡು ಮೂರು ಮಿಲಿಮೀಟರ್ ಸಂದಿ ಬಿಟ್ಟು, ಅಡಿಯಲ್ಲಿ ಟೇಪು ಅಂಟಿಸಿ, ಸಂದಿಯ ಅರ್ಧದಷ್ಟು ಅಂಟು ತುಂಬಿ, ಎರಡನ್ನೂ ಮೆಲ್ಲನೆ ಹತ್ತಿರ ತರುತ್ತಾರೆ. ಇನ್ನು ಕ್ಲಾಂಪ್ ಹಾಕಬೇಕು. ಇಷ್ಟು ಅಗಲದ ಹಲಗೆಯ ನಡುಭಾಗವನ್ನು ಹಿಡಿಯುವುದು ಹೇಗೆ? ಸಂದಿಯ ಎರಡೂ ಬದಿಗೆ ಸಣ್ಣ ಮರದ ತುಂಡುಗಳನ್ನು ಬಿಸಿ ಅಂಟಿನಿಂದ ಜೋಡಿಜೋಡಿಯಾಗಿ ಕೂರಿಸಿ, ಪ್ರತಿ ಜೋಡಿಗೂ ಒಂದು ಕ್ಲಾಂಪ್ ತೊಡಿಸುತ್ತಾರೆ. ಕ್ಲಾಂಪಿನ ಬಾಯಿ ಹಲಗೆಗೆ ಆದಷ್ಟು ಹತ್ತಿರ ಇರಬೇಕು. ಎತ್ತರದಲ್ಲಿ ಹಿಡಿದು ಎಳೆದರೆ ಮೇಲೆ ಮುಚ್ಚಿಕೊಂಡು ಕೆಳಗೆ ಬಾಯಿ ಬಿಡುತ್ತದೆ.

ಹೊಸಬರು ಎಡವುವುದು ಈ ಘಟ್ಟದಲ್ಲೇ. ಗಟ್ಟಿಯಾಗಿ ಬಿಗಿದಷ್ಟೂ ಬೆಸುಗೆ ಗಟ್ಟಿ ಎಂದುಕೊಂಡು ಶಕ್ತಿಯೆಲ್ಲ ಹಾಕಿ ತಿರುಗಿಸುತ್ತಾರೆ. ಆಗುವುದು ತದ್ವಿರುದ್ಧ. ಹೋಳಿಗೆ ಲಟ್ಟಿಸುವಾಗ ಕೈಭಾರ ಹೆಚ್ಚಾದರೆ ಹೂರಣ ಹೊರಬರುತ್ತದಲ್ಲ, ಹಾಗೆಯೇ ಅಂಟೆಲ್ಲ ಹೊರಗೆ ಹರಿದು ಬೆಸುಗೆ ಬರಿದಾಗುತ್ತದೆ. ನೋಡಲು ಚೆಂದವಾಗಿಯೇ ಇರುತ್ತದೆ. ತಿಂಗಳುಗಳ ಮೇಲೆ ಅಲ್ಲೇ ಬಿರುಕು. ಸಂದಿಯ ಉದ್ದಕ್ಕೂ ಅಂಟು ಸಣ್ಣ ದಾರದಂತೆ ಉಬ್ಬಿ ಮೇಲೆ ಬಂದರೆ ಸಾಕು, ಅಲ್ಲಿಗೆ ಕೈ ನಿಲ್ಲಿಸಬೇಕು. ಒತ್ತಡ ಹೆಚ್ಚಿರುವುದಕ್ಕಿಂತ ಎಲ್ಲ ಕಡೆ ಸಮನಾಗಿರುವುದು ಮುಖ್ಯ.

ಉಬ್ಬಿ ಬಂದ ಅಂಟನ್ನು ಒರೆಸುವಂತೆಯೂ ಇಲ್ಲ. ಗಟ್ಟಿಯಾಗುವಾಗ ಅಂಟು ಕುಗ್ಗುತ್ತದೆ. ಒರೆಸಿದರೆ ಆ ಜಾಗದಲ್ಲಿ ತಗ್ಗು ಬೀಳುತ್ತದೆ. ಅದನ್ನು ಹಾಗೇ ಬಿಟ್ಟು ಕಾಯಬೇಕು. ಉಗುರಿನಿಂದ ಒತ್ತಿದಾಗ ಗುರುತು ಮೂಡದಿದ್ದರೆ ಕೆಲಸ ಆಯಿತೆಂದು ಅರ್ಥ. ಮರದ ತುಂಡುಗಳನ್ನು ಸುತ್ತಿಗೆಯಿಂದ ಹೊಡೆದು ತೆಗೆದರೆ ಹಲಗೆಯ ಚಕ್ಕೆ ಏಳುತ್ತದೆ; ಬುಡಕ್ಕೆ ಸ್ಪಿರಿಟ್ ಬಿಟ್ಟರೆ ತಾವಾಗಿಯೇ ಬಿಟ್ಟುಕೊಳ್ಳುತ್ತವೆ. ನಂತರ ಬೆಸುಗೆಯ ಅಡಿಗೆ ಅದೇ ವಸ್ತುವಿನ ಪಟ್ಟಿಯೊಂದನ್ನು ಅಂಟಿಸಿ ಬಲ ಕೊಡುತ್ತಾರೆ.

ಕೌಂಟರ್ ದಪ್ಪವಾಗಿ ಕಾಣಲು ಮುಂದಿನ ಅಂಚಿಗೆ ಪಟ್ಟಿಗಳನ್ನು ಸೇರಿಸುವಾಗ ಐದಾರು ಸೆಂಟಿಮೀಟರಿಗೊಂದು ಸ್ಪ್ರಿಂಗ್ ಕ್ಲಾಂಪ್ ಬೇಕು. ಒಂಬತ್ತು ಮೀಟರಿಗೆ ನೂರೈವತ್ತಕ್ಕೂ ಹೆಚ್ಚು! ಅಷ್ಟು ಕೊಳ್ಳಲಾಗದವರು ಪಿವಿಸಿ ಪೈಪನ್ನು ಬಳೆಯಂತೆ ತುಂಡರಿಸಿ, ಒಂದು ಕಡೆ ಸೀಳಿ, ಬಟ್ಟೆ ಕ್ಲಿಪ್ಪಿನಂತೆ ಸಿಕ್ಕಿಸುವುದುಂಟು.

ಹಿಗ್ಗುವ ಕಟ್ಟೆ

ರೈಲು ಹಳಿಗಳ ನಡುವೆ ಜಾಗ ಬಿಡುವುದೇಕೆ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಇಲ್ಲಿಯೂ ಅದೇ ಪಾಠ. ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಏರಿದರೆ ಒಂಬತ್ತು ಮೀಟರ್ ಕೌಂಟರ್ ಸುಮಾರು ನಾಲ್ಕೈದು ಮಿಲಿಮೀಟರ್ ಹಿಗ್ಗುತ್ತದೆ. ಗೋಡೆಗೆ ಒತ್ತಿ ಕೂರಿಸಿದರೆ ಹಿಗ್ಗಲು ದಾರಿಯಿಲ್ಲದೆ ಎಲ್ಲೋ ಒಂದು ಕಡೆ ಸೀಳುತ್ತದೆ. ಆದ್ದರಿಂದ ಎರಡೂ ತುದಿಗಳಲ್ಲಿ ಜಾಗ ಬಿಡಬೇಕು. ಕೆಳಗಿನ ಚೌಕಟ್ಟನ್ನು ರಸಮಟ್ಟದಿಂದ ನೋಡಿ ಸಮ ಮಾಡಿ, ಸ್ಕ್ರೂ ಹೊಡೆಯದೆ, ಬಾಗಿ ಬಳುಕುವ ಸಿಲಿಕೋನ್ ಅಂಟಿನ ಬೊಟ್ಟುಗಳ ಮೇಲೆ ಕೌಂಟರ್ ಕೂರಿಸಬೇಕು.

ಒಳಮೂಲೆಗಳನ್ನು ಚೂಪಾಗಿ ಕತ್ತರಿಸುವಂತಿಲ್ಲ. ಚೂಪು ಮೂಲೆಯಲ್ಲಿ ಒತ್ತಡ ಒಂದೇ ಬಿಂದುವಿಗೆ ಸೇರಿ ಅಲ್ಲಿಂದ ಬಿರುಕು ಹೊರಡುತ್ತದೆ. ದುಂಡಗೆ ಮಾಡಿದರೆ ಒತ್ತಡ ಹಂಚಿಹೋಗುತ್ತದೆ. ಸಿಂಕಿಗೆ ಕೊರೆದ ತೂತಿನ ಪಕ್ಕದಲ್ಲಿ ಬೆಸುಗೆ ಬರದಂತೆಯೂ ನೋಡಿಕೊಳ್ಳಬೇಕು.

ದೂಳನ್ನು ಹಗುರಾಗಿ ಕಾಣಬಾರದು

ಕೊನೆಯ ಕೆಲಸ ಉಜ್ಜುವುದು. ಒರಟು ಕಾಗದದಿಂದ ಆರಂಭಿಸಿ ನಯವಾದುದರವರೆಗೆ ಹಂತಹಂತವಾಗಿ ಉಜ್ಜಿದಾಗ ಬೆಸುಗೆ ಮಾಯವಾಗುತ್ತದೆ. ಆಗ ಏಳುವ ಬಿಳಿ ದೂಳು ಅಪಾಯಕಾರಿ. ಇಂಥ ವಸ್ತುವನ್ನು ವರ್ಷಗಟ್ಟಲೆ ಕೊರೆದು ಉಜ್ಜಿದ ವ್ಯಕ್ತಿಯೊಬ್ಬರ ಶ್ವಾಸಕೋಶ ಗಡುಸಾಗಿದ್ದನ್ನು ಅಮೆರಿಕದ ವೈದ್ಯರು 2014ರಲ್ಲಿ ವರದಿ ಮಾಡಿದರು. ಕ್ವಾರ್ಟ್ಜ್ ಪುಡಿಯಿಂದ ಮಾಡುವ ಕೃತಕ ಕಲ್ಲಿನ ದೂಳು ಇನ್ನೂ ಘೋರ. ಅದರಿಂದ ಬರುವ ಸಿಲಿಕೋಸಿಸ್ ರೋಗದ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ದೂಳು ಹೀರುವ ಯಂತ್ರ, ಸರಿಯಾದ ಮುಖವಾಡ ಎರಡೂ ಬೇಕು.

ಮಗ ಅಥವಾ ಮಗಳು ಕಸುಬು ಕಲಿಯುತ್ತೇನೆಂದರೆ ಓದು ತಲೆಗೆ ಹತ್ತಲಿಲ್ಲವೇನೋ ಎಂದು ಮುಖ ಸಪ್ಪಗೆ ಮಾಡುವ ಹೆತ್ತವರಿದ್ದಾರೆ. ಈ ಒಂದು ಕೌಂಟರಿನಲ್ಲಿ ಎಷ್ಟು ಪಾಠಗಳಿವೆ ನೋಡಿ: ಪಾಲಿಮರ್, ಉಷ್ಣ ವಿಸ್ತರಣೆ, ಒತ್ತಡ, ಅಳತೆಯ ಗಣಿತ. ಐಟಿಐಗಳಲ್ಲಿ ಕಾರ್ಪೆಂಟರ್ ಟ್ರೇಡ್ ಇದೆ. ಅಲ್ಲಿ ಅಳತೆ, ಯಂತ್ರ, ಜೋಡಣೆಯ ಬುನಾದಿ ಸಿಗುತ್ತದೆ. ಈ ಹಲಗೆಯ ಕೆಲಸವನ್ನು ಅದರ ಮೇಲೆ ಪಳಗಿದವರ ಬಳಿ ನಿಂತು ಕಲಿಯಬೇಕಾಗುತ್ತದೆ. ಮಕ್ಕಳನ್ನು ಅಂಥ ಕಡೆ ಕಳುಹಿಸುವ ಮುನ್ನ ಹೆತ್ತವರು ಕೇಳಬೇಕಾದ ಮೊದಲ ಪ್ರಶ್ನೆ ಸಂಬಳದ್ದಲ್ಲ: "ದೂಳಿಗೆ ಏನು ವ್ಯವಸ್ಥೆ ಮಾಡಿದ್ದೀರಿ?"

ಮುಂದಿನ ಸಲ ಇಂಥ ಕೌಂಟರಿನ ಮುಂದೆ ಸರದಿಗಾಗಿ ನಿಂತಾಗ ಒಮ್ಮೆ ಕೈಯಾಡಿಸಿ ನೋಡಿ. ಬೆಸುಗೆ ಸಿಗದಿದ್ದರೆ, ಎಲ್ಲಿಗೆ ಬಿಗಿಯುವುದನ್ನು ನಿಲ್ಲಿಸಬೇಕೆಂದು ತಿಳಿದ ಕೈಯೊಂದು ಅಲ್ಲಿ ಕೆಲಸ ಮಾಡಿದೆ ಎಂದು ತಿಳಿಯಿರಿ.